ಹಳೇ ಮಿಯಾಟಾ ಕೊಂಡಿರಿ, ಸರಿ. ಆ ಕೋನ್ ಫಿಲ್ಟರ್ ಸ್ವಲ್ಪ ಕೆಳಗಿಡಿ

ಪ್ರಶ್ನೆ: "ಸರ್, ಹೋದ ವಾರ 1992ರ ಮಾಜ್ದಾ ಮಿಯಾಟಾ ತಗೊಂಡೆ. 1,30,000 ಮೈಲಿ ಓಡಿದೆ. ಗಾಡಿ ಚೆನ್ನಾಗಿದೆ, ಆದರೆ ಪವರ್ ಸ್ವಲ್ಪ ಕಮ್ಮಿ ಅನ್ನಿಸುತ್ತೆ. ಮೊದಲು ಕಂಪನಿ ಡಬ್ಬಿ ತೆಗೆಸಿ ಕೋನ್ ಏರ್ ಫಿಲ್ಟರ್ (ಶಂಕುವಿನ ಆಕಾರದ್ದು) ಹಾಕಿಸೋಣ ಅಂತಿದ್ದೀನಿ. ಹತ್ತು ಹಾರ್ಸ್‌ಪವರ್ ಜಾಸ್ತಿ ಆಗುತ್ತಂತೆ. ಯಾವುದು ಒಳ್ಳೇದು ಹೇಳಿ."

ನಾನಿರುವ ನ್ಯೂಜೆರ್ಸಿಯಲ್ಲಿ ಹಿಮ ಕರಗಿ, ಬಿಸಿಲು ಬಿದ್ದು, ಟಾಪ್ ಇಲ್ಲದ ಗಾಡಿ ಬೇಕು ಅಂತ ಜನಕ್ಕೆ ಅನ್ನಿಸುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ. ಗಾಡಿಯ ಇಸವಿ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ, ಕೇಳುವವರ ಊರು ಬದಲಾಗುತ್ತದೆ. ಫಿಲ್ಟರ್ ಮಾತ್ರ ಬದಲಾಗುವುದಿಲ್ಲ. ಆ ಹತ್ತು ಹಾರ್ಸ್‌ಪವರ್ ಕೂಡ ಬದಲಾಗುವುದಿಲ್ಲ. ಒಂಬತ್ತು ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಯಾವುದು ಒಳ್ಳೇದು ಅಂತ ಕೇಳಿದಿರಿ. ಗಾಡಿ ಜೊತೆಗೇ ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಒಂದು ಕಪ್ಪು ಡಬ್ಬಿ ಬಂದಿದೆಯಲ್ಲ, ಅದೇ ಒಳ್ಳೇದು. ಒಳಗೆ ಹೊಸ ಪೇಪರ್ ಫಿಲ್ಟರ್ ಇಡಿ, ಮುಚ್ಚಳ ಹಾಕಿ, ಬಿಗಿ ಮಾಡಿ. ಉತ್ತರ ಮುಗಿಯಿತು.

ಇಷ್ಟಕ್ಕೆ ನೀವು ಬಿಡುವವರಲ್ಲ, ಗೊತ್ತು. ಬಿಡಿಸಿಯೇ ಹೇಳುತ್ತೇನೆ.

ಮೊದಲು "ಪವರ್ ಕಮ್ಮಿ ಅನ್ನಿಸುತ್ತೆ" ಅನ್ನುವ ಮಾತು. ಅನ್ನಿಸುವುದಲ್ಲ ಸ್ವಾಮಿ, ಕಮ್ಮಿಯೇ ಇದೆ. ಬೇಕಂತಲೇ ಹಾಗೆ ಮಾಡಿದ್ದಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಈ ಗಾಡಿಯನ್ನು ಮೊದಲು ತೋರಿಸಿದಾಗ ಅದರಲ್ಲಿದ್ದದ್ದು 1.6 ಲೀಟರ್ ಎಂಜಿನ್, ಅಮೆರಿಕದ ಲೆಕ್ಕದಲ್ಲಿ 116 ಹಾರ್ಸ್‌ಪವರ್. ತೂಕ ಸಾವಿರ ಕೆಜಿ ಒಳಗೆ. ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ, ನಡುವೆ ಇಬ್ಬರಿಗೆ ಜಾಗ. ಈ ಯೋಜನೆ ನಡೆಸಿದ ತೋಶಿಹಿಕೊ ಹಿರಾಯ್ ಮತ್ತು ಅವರ ತಂಡ ಹಿಡಿದುಕೊಂಡಿದ್ದು ಜಪಾನಿನ ಒಂದು ಹಳೇ ಮಾತನ್ನು: ಜಿಂಬಾ ಇತ್ತಾಯ್. ಕುದುರೆ ಬೇರೆ ಸವಾರ ಬೇರೆ ಅನ್ನಿಸಬಾರದು ಅಂತ ಅರ್ಥ. ಅವರಿಗೆ ಬೇಕಾಗಿದ್ದದ್ದು ಮಾತು ಕೇಳುವ ಒಂದು ಕುದುರೆ. ನೂರು ಕುದುರೆ ಜಾಸ್ತಿ ಹಾಕುವುದು ಅವರ ಲೆಕ್ಕದಲ್ಲೇ ಇರಲಿಲ್ಲ.

ಇನ್ನೊಂದು ವಿಷಯ. 116 ಅನ್ನುವುದು ಫ್ಯಾಕ್ಟರಿಯಿಂದ ಹೊರಬಂದ ದಿನದ ಲೆಕ್ಕ. ಮೂವತ್ತು ವರ್ಷ ದಾಟಿದ ಮೇಲೆ ಲಾಯದಲ್ಲಿ ಎಷ್ಟು ಕುದುರೆ ಉಳಿದಿವೆ ಅಂತ ಯಾರು ಎಣಿಸಿದ್ದಾರೆ? ಸ್ಪಾರ್ಕ್ ಪ್ಲಗ್ ವೈರ್ ಹಳತಾಗಿ ಒಂದು ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತಿರಬಹುದು. ಈ ಗಾಡಿಯಲ್ಲಿ ಅದು ಮನೆಮನೆಯ ಕಥೆ. ಹಿಂದಿನ ಬ್ರೇಕ್ ಕ್ಯಾಲಿಪರ್‌ನ ಪಿನ್ ಜಾಮ್ ಆಗಿ ಬ್ರೇಕ್ ಅರ್ಧ ಹಿಡಿದುಕೊಂಡೇ ಗಾಡಿ ಓಡುತ್ತಿರಬಹುದು. ಹತ್ತು ಮೈಲಿ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಒಂದು ಚಕ್ರ ಮಾತ್ರ ಒಲೆ ಥರ ಬಿಸಿ ಇದ್ದರೆ ನಿಮ್ಮ ಕುದುರೆ ಅಲ್ಲಿ ಕಟ್ಟಿಹಾಕಿದೆ ಅಂತ ಅರ್ಥ.

ಇಗ್ನಿಷನ್ ಟೈಮಿಂಗ್, ಅಂದರೆ ಸಿಲಿಂಡರಿನಲ್ಲಿ ಕಿಡಿ ಹಾರುವ ಹೊತ್ತು, ಅದನ್ನೂ ನೋಡಿಸಿ. ಬಾನೆಟ್ ಒಳಗಿನ ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಎರಡು ಪಿನ್ ಜೋಡಿಸಿ, ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್ ತಿರುಗಿಸಿ 10 ಡಿಗ್ರಿಗೆ ಕೂರಿಸಬೇಕು. ಯಾವನೋ ಹಳೇ ಯಜಮಾನ ಆ ಸೆನ್ಸರ್ ಬಿಚ್ಚಿ ಅಂದಾಜಿನಲ್ಲಿ ಕೂರಿಸಿದ್ದರೆ ಅದರಲ್ಲೇ ಪವರ್ ಹೋಗಿರುತ್ತದೆ. ಇವೆಲ್ಲ ಕಳೆದುಹೋದದ್ದನ್ನು ವಾಪಸ್ ತರುವ ಕೆಲಸ. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ.

ಸರಿ, ಈಗ ಫಿಲ್ಟರ್.

ಕೋನ್ ಫಿಲ್ಟರ್ ಮಾರುವವರ ವಾದ ಹೀಗಿರುತ್ತದೆ. ಎಂಜಿನ್ ಅಂದರೆ ಗಾಳಿ ಎಳೆಯುವ ಪಂಪ್. ಜಾಸ್ತಿ ಗಾಳಿ ಒಳಗೆ ಹೋದರೆ ಜಾಸ್ತಿ ಪೆಟ್ರೋಲ್ ಉರಿಸಬಹುದು. ಜಾಸ್ತಿ ಉರಿದರೆ ಜಾಸ್ತಿ ಪವರ್. ಇಲ್ಲಿಯವರೆಗೆ ಎಲ್ಲ ನಿಜ. ಯಾರೂ ಜಗಳ ಆಡುವ ಹಾಗಿಲ್ಲ. ಸುಳ್ಳು ನುಸುಳುವುದು ಅದರ ಮುಂದಿನ ವಾಕ್ಯದಲ್ಲಿ: "ಕಂಪನಿ ಫಿಲ್ಟರ್ ಗಾಳಿ ತಡೆಯುತ್ತೆ." ಹೌದು, ತಡೆಯುತ್ತದೆ. ಎಷ್ಟು? ಈ "ಎಷ್ಟು" ಅನ್ನು ಮಾತ್ರ ಯಾರೂ ಕೇಳುವುದಿಲ್ಲ. ತರಕಾರಿ ಕೊಳ್ಳುವಾಗ ತಕ್ಕಡಿ ಮುಳ್ಳು ನೋಡುವ ನಾವು ಇಲ್ಲಿ ಮಾತ್ರ ಕಣ್ಣು ಮುಚ್ಚಿ ದುಡ್ಡು ಕೊಡುತ್ತೇವೆ.

ಲೆಕ್ಕ ಹಾಕೋಣ. ಇದು ಫೋರ್ ಸ್ಟ್ರೋಕ್ ಎಂಜಿನ್. ಎರಡು ಸುತ್ತಿಗೆ ಒಂದು ಸಲ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ, ಅಂದರೆ 1.6 ಲೀಟರ್. 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3500 ಸಲ. 3500 ಗುಣಿಸು 1.6, ಒಟ್ಟು 5600 ಲೀಟರ್. ನಮ್ಮ ಮನೆ ತಾರಸಿ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಅಂಥ ಐದೂವರೆ ಟ್ಯಾಂಕ್ ಗಾಳಿ, ಒಂದು ನಿಮಿಷದಲ್ಲಿ. ಕೇಳಲು ಭಾರಿ ಅನ್ನಿಸುತ್ತದೆ ಅಲ್ವಾ? ಆದರೆ ಪೇಪರ್ ಫಿಲ್ಟರಿನ ಮಡಿಕೆಗಳನ್ನು ಬಿಡಿಸಿ ನೆಲದ ಮೇಲೆ ಹರಡಿದರೆ ಆ ಕಾಗದ ಎಷ್ಟು ಅಗಲ ಆಗುತ್ತದೆ ಅಂತ ಒಂದು ಸಲ ನೋಡಿ. ಬಿಸಾಡುವ ಹಳೇ ಫಿಲ್ಟರ್ ಕತ್ತರಿಸಿ ನೋಡಿದರಾಯಿತು. ಅಷ್ಟು ಅಗಲದ ಮೇಲೆ ಹಂಚಿಹೋದಾಗ ಗಾಳಿ ನಿಧಾನವಾಗಿಯೇ ದಾಟುತ್ತದೆ.

ಅದನ್ನು ಅಳೆಯುವುದೂ ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಒಂದನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿ ಫಿಲ್ಟರ್ ಆದ ಮೇಲಿನ ಕೊಳವೆಗೆ, ಇನ್ನೊಂದು ತುದಿ ಹೊರಗಿನ ಗಾಳಿಗೆ. ಫಿಲ್ಟರ್ ಗಾಳಿ ತಡೆದಷ್ಟೂ ಎರಡು ಕಡೆಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಬೀಳುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಹೆಚ್ಚುಕಮ್ಮಿ 10 ಮೀಟರ್ ನೀರನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ 10 ಸೆಂಟಿಮೀಟರ್ ವ್ಯತ್ಯಾಸ ಅಂದರೆ ಶೇಕಡಾ 1. ಅಷ್ಟೇ ಲೆಕ್ಕ.

ನಾನಿದನ್ನು ಮಾಡಿದ್ದೇನೆ. ಗೆಳೆಯ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಹಲಗೆ ಹಿಡಿದು ಕೂತಿದ್ದೆ. ನೀರು ಸರಿಯಾಗಿ ಕಾಣಲಿ ಅಂತ ಮನೆಯಿಂದ ಚಿಟಿಕೆ ಕುಂಕುಮ ತಂದು ಕದಡಿದ್ದೆ. ಯಾವುದೋ ದೇವರ ತೀರ್ಥ ಹಿಡಿದು ಹೈವೇಗೆ ಹೊರಟ ಹಾಗಿತ್ತು. ಎರಡನೇ ಗೇರ್, ಆಕ್ಸಿಲರೇಟರ್ ಪೂರ್ತಿ ಕೆಳಗೆ, ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ. ನೀರಿನ ವ್ಯತ್ಯಾಸ ಒಂದು ಗೇಣನ್ನೂ ಮುಟ್ಟಲಿಲ್ಲ. ಗೇಣು ಅಂದರೆ ಸುಮಾರು 22 ಸೆಂಟಿಮೀಟರ್, ಶೇಕಡಾ 2ರ ಆಸುಪಾಸು. 116ರಲ್ಲಿ ಶೇಕಡಾ 2 ಎಷ್ಟು? ಎರಡು ಕುದುರೆ ಚಿಲ್ಲರೆ. ಅದೂ ಫಿಲ್ಟರನ್ನೇ ಪೂರ್ತಿ ಕಿತ್ತು ಬಿಸಾಡಿದರೆ, ಅದೂ ಕೆಂಪು ಗೆರೆ ಹತ್ತಿರ ಮಾತ್ರ. ಕೋನ್ ಫಿಲ್ಟರ್ ಹಾಕಿದರೂ ಅದೊಂದು ಫಿಲ್ಟರ್ ತಾನೆ? ಅದೂ ಅಷ್ಟೋ ಇಷ್ಟೋ ತಡೆದೇ ತಡೆಯುತ್ತದೆ. ಉಳಿಯುವುದು ಎಷ್ಟು? ಹತ್ತು ಎಲ್ಲಿಂದ ಬಂತು?

ಇನ್ನು ದಿನದ ಓಡಾಟದ ಮಾತು. ನೀವು ದಿನಕ್ಕೆ ಎಷ್ಟು ಸಲ ಆಕ್ಸಿಲರೇಟರ್ ನೆಲಕ್ಕೆ ಒತ್ತುತ್ತೀರಿ? ಅರ್ಧ ಒತ್ತಿದಾಗ ಗಾಳಿ ತಡೆಯುವುದು ಫಿಲ್ಟರ್ ಅಲ್ಲ, ಥ್ರಾಟಲ್‌ನ ತಟ್ಟೆ. ಅದರ ಕೆಲಸವೇ ತಡೆಯುವುದು. ಬಚ್ಚಲಿನ ನಲ್ಲಿ ಅರ್ಧ ತಿರುಗಿಸಿಟ್ಟು, ನೀರು ಸಾಲದು ಅಂತ ತಾರಸಿಯಿಂದ ಇಳಿಯುವ ಪೈಪ್ ದಪ್ಪದ್ದು ಹಾಕಿಸಿದ ಹಾಗಾಯಿತು ನಿಮ್ಮ ಕೋನ್ ಫಿಲ್ಟರ್ ಕಥೆ. ನಲ್ಲಿ ಇನ್ನಷ್ಟು ತಿರುಗಿಸಿ ಅಂದರೆ ಆಯಿತಲ್ಲ?

1.6 ಲೀಟರ್ ಗಾಡಿಯಲ್ಲಿ ಇನ್ನೊಂದು ತಮಾಷೆ ಇದೆ. ಫಿಲ್ಟರ್ ದಾಟಿದ ಗಾಳಿ ಒಂದು ಸ್ಪ್ರಿಂಗ್ ಬಾಗಿಲು ತಳ್ಳಿಕೊಂಡು ಹೋಗಬೇಕು. ಆ ಬಾಗಿಲು ಎಷ್ಟು ತೆರೆಯಿತು ಅನ್ನುವುದರ ಮೇಲೆ ಕಂಪ್ಯೂಟರ್ ಗಾಳಿಯನ್ನು ಅಳೆಯುತ್ತದೆ. 1994ರಲ್ಲಿ ಬಂದ 1.8 ಲೀಟರ್ ಗಾಡಿಗೆ ಈ ಬಾಗಿಲು ಇಲ್ಲ, ಬಿಸಿ ತಂತಿ ಇದೆ. ನಿಮ್ಮದಕ್ಕೆ ಬಾಗಿಲೇ ಇದೆ. ಕೋನ್ ಫಿಲ್ಟರ್ ಹಾಕಿದವರು ಕಾಂಪೌಂಡ್ ಗೇಟ್ ಕಿತ್ತು, ಮನೆ ಬಾಗಿಲು ಹಾಗೇ ಬಿಟ್ಟಿರುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಲಾಭ ಇಲ್ಲ, ದುಡ್ಡು ಹೋಯಿತು ಅಂತ ಸುಮ್ಮನಾಗಬಹುದಿತ್ತು. ಆದರೆ ನಷ್ಟವೂ ಇದೆ. ಆ ಕಪ್ಪು ಡಬ್ಬಿ ಇರುವ ಜಾಗ ನೋಡಿ: ಮುಂದೆ ರೇಡಿಯೇಟರ್, ಪಕ್ಕದಲ್ಲೇ ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಡಬ್ಬಿಗೆ ಗೋಡೆ ಇದೆ, ಗಾಳಿ ತರಲು ಮೂತಿ ಇದೆ. ಅದನ್ನು ಕಿತ್ತು ಬೆತ್ತಲೆ ಕೋನ್ ಕೂರಿಸಿದರೆ ಅದು ಉಸಿರಾಡುವುದು ರೇಡಿಯೇಟರ್ ಫ್ಯಾನ್ ಊದಿದ ಬಿಸಿ ಗಾಳಿಯನ್ನು, ಮ್ಯಾನಿಫೋಲ್ಡ್ ಕಾಯಿಸಿದ ಗಾಳಿಯನ್ನು. ಅಡುಗೆಮನೆಯಲ್ಲಿ ದೋಸೆ ಹಂಚಿನ ಮುಂದೆ ನಿಂತು ತಣ್ಣನೆ ಗಾಳಿ ಕುಡಿಯುತ್ತೇನೆ ಅಂದ ಹಾಗೆ. ಬಿಸಿ ಗಾಳಿ ಹಗುರ. ಹೊರಗೆ 30 ಡಿಗ್ರಿ ಇದ್ದು, ಬಾನೆಟ್ ಒಳಗೆ 45 ಡಿಗ್ರಿ ಗಾಳಿ ಎಳೆದರೆ ಅದೇ ಜಾಗದಲ್ಲಿ ಗಾಳಿ ಸುಮಾರು ಶೇಕಡಾ 5 ಕಮ್ಮಿ. ಪವರ್ ಪೂರ್ತಿ ಅದೇ ಲೆಕ್ಕದಲ್ಲಿ ಇಳಿಯದೇ ಇರಬಹುದು, ಆದರೆ ಇಳಿಯುವುದಂತೂ ನಿಜ. ಗಾಡಿ ವೇಗವಾಗಿ ಓಡುವಾಗ ಪರವಾಗಿಲ್ಲ, ಗಾಳಿ ಆಡುತ್ತದೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ಹೊರಡುವಾಗ ನೋಡಿ, ಗಾಡಿ ಊಟ ಮಾಡಿ ಮಲಗಿ ಎದ್ದ ಹಾಗೆ ಏಳುತ್ತದೆ.

"ಆದರೆ ಸರ್, ನನ್ನ ಫ್ರೆಂಡ್ ಹಾಕಿಸಿದ್ದಾನೆ, ಅವನಿಗೆ ವ್ಯತ್ಯಾಸ ಗೊತ್ತಾಗಿದೆ." ಗೊತ್ತಾಗಿರುತ್ತದೆ. ನನಗೂ ಗೊತ್ತಾಗಿತ್ತು. ಹೌದು, ನಾನೂ ಹಾಕಿಸಿದವನೇ. ಇಲ್ಲದಿದ್ದರೆ ಇಷ್ಟು ಕೋಪ ಎಲ್ಲಿಂದ ಬರಬೇಕು? ಹಾಕಿಸಿದ ದಿನ ಗಾಡಿ ಹಾರುತ್ತಿದೆ ಅನ್ನಿಸಿತು. ಆಮೇಲೆ ಸ್ಟಾಪ್‌ವಾಚ್ ಹಿಡಿದು ಒಂದೇ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, ಹಳೇ ಡಬ್ಬಿ ಮತ್ತು ಹೊಸ ಕೋನ್ ಎರಡನ್ನೂ ಹಾಕಿ ಮೂರು ಮೂರು ಸಲ ನೋಡಿದೆ. ನನ್ನ ಬೆರಳು ಬಟನ್ ಒತ್ತುವುದರಲ್ಲಿ ಆಗುವ ತಪ್ಪಿಗಿಂತ ದೊಡ್ಡ ವ್ಯತ್ಯಾಸ ಸಿಗಲಿಲ್ಲ.

ಹಾರಿದ್ದು ಏನು ಹಾಗಾದರೆ? ಶಬ್ದ. ಆ ಕಪ್ಪು ಡಬ್ಬಿಯ ಅರ್ಧ ಕೆಲಸ ಧೂಳು ತಡೆಯುವುದು, ಇನ್ನರ್ಧ ಕೆಲಸ ಎಂಜಿನ್ ಗಾಳಿ ಎಳೆಯುವ ಗುರುಗುಟ್ಟುವಿಕೆಯನ್ನು ನುಂಗುವುದು. ಡಬ್ಬಿ ತೆಗೆದರೆ ಆ ಗುರುಗುಟ್ಟುವಿಕೆ ನೇರ ಕಿವಿಗೆ ಬರುತ್ತದೆ. ಕಿವಿ ಕೇಳಿದ್ದನ್ನು ಬೆನ್ನು ಅನುಭವಿಸುತ್ತದೆ. ನಮ್ಮ ಪೀಳಿಗೆಗೆ ಇದು ಹೊಸದೇನಲ್ಲ. ಯಮಾಹಾ ಆರ್‌ಎಕ್ಸ್ 100 ಇದ್ದ ಕಾಲದಲ್ಲಿ ಕಾಲೇಜು ಹುಡುಗರಲ್ಲಿ ಅರ್ಧ ಜನ ಸೈಲೆನ್ಸರ್ ಒಳಗಿನ ಕೊಳವೆ ಕಿತ್ತವರೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಒಂದು ವಾದ್ಯ ಇದ್ದ ಹಾಗೆ. ಅದರ ಉದ್ದ, ಹೊಟ್ಟೆಯ ದಪ್ಪ ಎಲ್ಲ ಲೆಕ್ಕ ಹಾಕಿ ಮಾಡಿರುತ್ತಾರೆ. ಒಳಗಿನ ಒತ್ತಡದ ಅಲೆ ತಿರುಗಿ ಬಂದು, ಹೊರಗೆ ಜಾರುವ ಪೆಟ್ರೋಲ್ ಮಿಶ್ರಣವನ್ನು ವಾಪಸ್ ಸಿಲಿಂಡರಿಗೆ ತಳ್ಳಬೇಕು. ಅದನ್ನು ಕೆಡಿಸಿದರೆ ಪವರ್ ಹೋಗುತ್ತದೆ. ಆದರೂ ಬೀದಿ ಕೊನೆಯ ಅಜ್ಜಿ ಕಿವಿ ಮುಚ್ಚಿಕೊಂಡರೆ ಗಾಡಿ "ಸಕತ್ ಪಿಕಪ್" ಬಂತು ಅಂತಲೇ ಲೆಕ್ಕ. ಆ ಹುಡುಗರೇ ಈಗ ನಲವತ್ತು ದಾಟಿ ನ್ಯೂಜೆರ್ಸಿಯಲ್ಲಿ ಕೋನ್ ಫಿಲ್ಟರ್ ಕೊಳ್ಳುತ್ತಿದ್ದಾರೆ.

ಕೋನ್ ಫಿಲ್ಟರ್ ಬರುವ ಡಬ್ಬದ ಮೇಲೆ ಬರೆದದ್ದನ್ನೂ ಸರಿಯಾಗಿ ಓದಿ. "10 ಹಾರ್ಸ್‌ಪವರ್ ವರೆಗೆ" ಅಂತ ಇರುತ್ತದೆ. ಸೊನ್ನೆಯೂ ಹತ್ತರ ವರೆಗೆಯೇ ಬರುತ್ತದೆ. ಜೊತೆಗೆ ಡೈನೋ ಗ್ರಾಫ್ (ಪವರ್ ಅಳೆಯುವ ಯಂತ್ರದ ನಕ್ಷೆ) ಇದ್ದರೆ, ಅಳೆಯುವಾಗ ಬಾನೆಟ್ ತೆರೆದಿತ್ತಾ, ಎದುರಿಗೆ ದೊಡ್ಡ ಫ್ಯಾನ್ ಇತ್ತಾ ಅಂತ ಕೇಳಿ. ಬಾನೆಟ್ ತೆರೆದುಕೊಂಡು ನೀವು ಆಫೀಸಿಗೆ ಹೋಗುವುದಿಲ್ಲವಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಟರ್ಬೋ ಹಾಕಿದ ಗಾಡಿಗೆ, ಕ್ಯಾಮ್, ಕಂಪ್ಯೂಟರ್ ಎಲ್ಲ ಬದಲಾಯಿಸಿದ ಎಂಜಿನ್ನಿಗೆ ಗಾಳಿಯ ದಾರಿ ನಿಜಕ್ಕೂ ಮುಖ್ಯ. ಅಲ್ಲಿ ಈ ಲೆಕ್ಕ ಬೇರೆ. ಮತ್ತೆ, ಆ ಶಬ್ದವೇ ನಿಮಗೆ ಇಷ್ಟ ಅಂದರೆ ಶಬ್ದಕ್ಕೆ ಅಂತಲೇ ಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಪವರ್ ಅಂತ ಮಾತ್ರ ಹೇಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಕೊಳ್ಳುವ ಮುಂಚೆ ಆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಡುವ ಎಕ್ಸಿಕ್ಯುಟಿವ್ ಆರ್ಡರ್ ನಂಬರ್, ಅಂದರೆ ಒಪ್ಪಿಗೆ ನಂಬರ್, ಇದೆಯಾ ನೋಡಿ. ಇಲ್ಲದಿದ್ದರೆ ಹೊಗೆ ತಪಾಸಣೆಯ ಸ್ಮಾಗ್ ಟೆಸ್ಟ್‌ನಲ್ಲಿ ಕಣ್ಣಿಗೆ ಬಿದ್ದ ಕೂಡಲೇ ಫೇಲ್. ಮುಂದಿನ ಪ್ರಶ್ನೆ ಪ್ರೀಮಿಯಂ ಪೆಟ್ರೋಲ್ ಬಗ್ಗೆ ಅಂತ ಗೊತ್ತು: ಬೇಡ. ಟೈಮಿಂಗ್ 10 ಡಿಗ್ರಿಯಲ್ಲೇ ಇದ್ದರೆ ಇಲ್ಲಿನ ಸಾಮಾನ್ಯ ಪೆಟ್ರೋಲ್, 87 ಆಕ್ಟೇನ್, ಸಾಕು.

ಹಾಗಾದರೆ ಆ ದುಡ್ಡು ಎಲ್ಲಿ ಹಾಕುವುದು?

ಟೈರ್. ಮೊದಲು ಟೈರ್. ಪಕ್ಕದ ಗೋಡೆಯಲ್ಲಿ DOT ಅನ್ನುವ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2314 ಅಂತ ಇದ್ದರೆ 2014ನೇ ಇಸವಿಯ 23ನೇ ವಾರದಲ್ಲಿ ಆದ ಟೈರ್. ಇಂಥ ಗಾಡಿಗಳು ವರ್ಷಕ್ಕೆ ಒಂದೆರಡು ಸಾವಿರ ಮೈಲಿ ಓಡಿದರೆ ಹೆಚ್ಚು. ಅದಕ್ಕೇ ಟೈರಿನ ಪಟ್ಟಿ ನೋಡಿದರೆ ಹೊಸದರ ಹಾಗೇ ಇರುತ್ತದೆ. ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ನಾನು ಕೊಂಡಾಗ ಮಾರಿದವರು "ಟೈರ್ ನೋಡಿ, ಎಷ್ಟು ಚೆನ್ನಾಗಿವೆ" ಅಂದಿದ್ದರು. ನಾನೂ ಉಗುರಿನಲ್ಲಿ ಪಟ್ಟಿ ಆಳ ನೋಡಿ ತಲೆ ಆಡಿಸಿದ್ದೆ. ಮೂರನೇ ವಾರ ಸಣ್ಣ ಮಳೆ. ಹೈವೇಯಿಂದ ಇಳಿಯುವ ತಿರುವು. ವೇಗ ಏನೂ ಇರಲಿಲ್ಲ, ಗಾಡಿಯ ಹಿಂಭಾಗ ಮಾತ್ರ ನನಗಿಂತ ಮುಂಚೆ ಮನೆಗೆ ಹೋಗಲು ಹೊರಟಿತ್ತು. ಹುಲ್ಲಿನ ಮೇಲೆ ನಿಂತೆ, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಕೂತು ಅಂಕಿ ಓದಿದರೆ ಟೈರಿಗೆ ಹನ್ನೊಂದು ವರ್ಷ.

ಆಮೇಲೆ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಎಂಜಿನ್ ಒಳಗಿನ ಬೆಲ್ಟ್. ಪ್ರತಿ 60,000 ಮೈಲಿಗೆ ಬದಲಾಯಿಸಬೇಕು. ರಬ್ಬರ್ ಆದ್ದರಿಂದ ಓಡಿಸದಿದ್ದರೂ ವಯಸ್ಸಾಗುತ್ತದೆ. ಹಳೇ ಯಜಮಾನ "ಮಾಡಿಸಿದ್ದೀನಿ" ಅಂದರೆ ರಸೀದಿ ಕೇಳಿ. ರಸೀದಿ ಇಲ್ಲ ಅಂದರೆ ಮಾಡಿಸಿಲ್ಲ. ಬೆಲ್ಟ್ ಹರಿದರೂ ಈ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ, ಅದೊಂದು ಪುಣ್ಯ. ಆದರೆ ದಾರಿ ಮಧ್ಯೆ ನಿಲ್ಲುತ್ತೀರಿ. ವಾಟರ್ ಪಂಪ್ ತಿರುಗಿಸುವುದು ಹೊರಗಿನ ಬೆಲ್ಟೇ ಆದರೂ ಅದನ್ನು ಬಿಚ್ಚಲು ಇದೇ ಮುಚ್ಚಳ ತೆಗೆಯಬೇಕು. ಹಾಗಾಗಿ ಒಟ್ಟಿಗೇ ಬದಲಾಯಿಸಿ, ಮುಂದಿನ ಆಯಿಲ್ ಸೀಲ್‌ಗಳನ್ನೂ ಹಾಕಿಸಿ. 1990 ಅಥವಾ 1991ರ ಮೊದಲ ಭಾಗದ ಗಾಡಿ ಇರುವವರು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯಲ್ಲಿರುವ ಪುಲ್ಲಿಯ ಸೀಳುಗಳನ್ನು ಎಣಿಸಿ. ನಾಲ್ಕು ಇದ್ದರೆ ಗಿಡ್ಡ ಮೂತಿಯ ಕ್ರ್ಯಾಂಕ್, ಎಂಟು ಇದ್ದರೆ ಉದ್ದ ಮೂತಿ. ಗಿಡ್ಡದ್ದರಲ್ಲಿ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಅಲ್ಲಾಡಿ, ಒಳಗಿನ ಕೀ ಸವೆದು, ಕ್ರ್ಯಾಂಕೇ ಹಾಳಾಗುತ್ತದೆ. ಬೆಲ್ಟ್ ಬದಲಾಯಿಸಿದ ಮೇಲೇ ಈ ರೋಗ ಶುರುವಾಗುವುದು ಹೆಚ್ಚು. ಯಾಕೆಂದರೆ ಆಗಲೇ ಆ ಬೋಲ್ಟಿಗೆ ಕೈ ಹಾಕುವುದು. ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ. ನಿಮ್ಮದು 1992, ಬಚಾವ್.

ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಯಾವ ಬಣ್ಣ ಇದೆ? ಕಪ್ಪಗಿದ್ದರೆ ಸರಿ. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿರುಕು ಬಿಡುವ ದಿನ ಹತ್ತಿರ ಬಂದಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬ್ಯಾಟರಿ ಡಿಕ್ಕಿಯಲ್ಲಿದೆ, ಗಮನ ಇರಲಿ. ಯಾವುದೋ ಸಾಮಾನ್ಯ ಬ್ಯಾಟರಿ ತಂದು, ಗಾಳಿ ಹೊರಹಾಕುವ ಟ್ಯೂಬ್ ಜೋಡಿಸದೆ ಇಟ್ಟರೆ ಆಸಿಡ್ ಆವಿಗೆ ತಗಡು ತುಕ್ಕು ಹಿಡಿಯುತ್ತದೆ.

ತುಕ್ಕು ಅಂದರೆ ನೆನಪಾಯಿತು. ಈ ಗಾಡಿಯನ್ನು ಕೊಲ್ಲುವುದು ಎಂಜಿನ್ ಅಲ್ಲ, ತುಕ್ಕು. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ, ಬೆಲ್ಟ್ ಕಂಬಗಳ ಹತ್ತಿರ ಇರುವ ಎರಡು ತೂತಿನಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ಕೆಳಗೆ ಬರಬೇಕು. ಎಲೆ, ಕಸ ಸೇರಿ ಆ ತೂತು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿಂದ ತಿನ್ನುತ್ತದೆ. ಚೊಂಬಿನಲ್ಲಿ ನೀರು ತಂದು ಆ ತೂತಿಗೆ ನಿಧಾನ ಸುರಿಯಿರಿ. ಕೆಳಗೆ ಬಂದರೆ ಸರಿ. ಬರದಿದ್ದರೆ ಮೃದು ಪ್ಲಾಸ್ಟಿಕ್ ತಂತಿ ಬಿಟ್ಟು ಬಿಡಿಸಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮಂಥ ರಾಜ್ಯದ ಗಾಡಿಯಾದರೆ ಚಾಪೆ ಹಾಸಿ ಕೆಳಗೆ ಮಲಗಿ, ಬೆರಳಲ್ಲಿ ಒತ್ತಿ ಒತ್ತಿ ನೋಡಿ. ಎಂಜಿನ್ ಇನ್ನೊಂದು ಸಿಗುತ್ತದೆ, ಗೇರ್‌ಬಾಕ್ಸ್ ಸಿಗುತ್ತದೆ. ತಗಡು ಪುಡಿಯಾದರೆ ಏನು ಮಾಡುತ್ತೀರಿ?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕ ಟಕ ಅನ್ನುವ ಶಬ್ದಕ್ಕೆ ಹೆದರಬೇಡಿ. ವಾಲ್ವ್ ಮೇಲಿನ ಹೈಡ್ರಾಲಿಕ್ ಲಿಫ್ಟರ್‌ಗಳು ಆಯಿಲ್ ತುಂಬಿಕೊಳ್ಳುವವರೆಗೆ ಮಾಡುವ ಗಲಾಟೆ ಅದು. ಕೆಲವರು ದಪ್ಪ ಆಯಿಲ್ ಹಾಕಿ ಅಂತ ಬುದ್ಧಿ ಹೇಳುತ್ತಾರೆ. ದಪ್ಪ ಆಯಿಲ್ ಚಳಿಯಲ್ಲಿ ಆ ಸಣ್ಣ ತೂತಿಗೆ ಇಳಿಯುವುದೇ ನಿಧಾನ, ಟಕ ಟಕ ಜಾಸ್ತಿಯಾಗುತ್ತದೆ. ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿ, ಬೇಗ ಬೇಗ ಬದಲಾಯಿಸಿ.

ಅಪ್‌ಗ್ರೇಡ್ ಮಾಡಲೇಬೇಕು ಅಂತ ಕೈ ತುರಿಸುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ನಗಬೇಡಿ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಇರುವ ಗಾಡಿ ಇದು. ಮುಂದೆ ಹಿಂದೆ ಎರಡೂ ಕಡೆ ಚಕ್ರದ ಓರೆಯನ್ನು, ದಿಕ್ಕನ್ನು ಬೇಕಾದ ಹಾಗೆ ಕೂರಿಸಬಹುದು. ಮೂವತ್ತು ವರ್ಷ ಗುಂಡಿ ಹಾರಿದ ಮೇಲೆ ನಾಲ್ಕು ಚಕ್ರ ನಾಲ್ಕು ಊರಿನ ಕಡೆ ಮುಖ ಮಾಡಿರುತ್ತವೆ. ಹೊಸ ಟೈರ್, ಸರಿಯಾದ ಅಲೈನ್‌ಮೆಂಟ್, ಇವೆರಡು ಆದ ಮೇಲೆ ಒಂದು ತಿರುವಿನ ರಸ್ತೆಗೆ ಹೋಗಿ ಬನ್ನಿ. ಪವರ್ ಕಮ್ಮಿ ಅಂತ ಆಮೇಲೂ ಅನ್ನಿಸಿದರೆ ಮತ್ತೆ ಬರೆಯಿರಿ.

ಕ್ಲಚ್ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮವರದ್ದೇ ಕಾಯಿಲೆ. ಈ ಗಾಡಿಯ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೋರುವುದು ಎಲ್ಲರಿಗೂ ಗೊತ್ತು. ಒಂದು ದಿನ ಪೆಡಲ್ ಕೆಳಗೆ ಹೋಗುತ್ತದೆ, ಮೇಲೆ ಬರುವುದಿಲ್ಲ. ಅದು ಸಣ್ಣ ಕೆಲಸ, ಮನೆಯಲ್ಲೇ ಬದಲಾಯಿಸಬಹುದು. ನಾನು ಹೇಳುತ್ತಿರುವುದು ಎಡಗಾಲಿನ ವಿಷಯ.

ಅಮೆರಿಕದಲ್ಲಿ ಮ್ಯಾನುಯಲ್ ಗೇರ್ ಓಡಿಸುವವರು ಕಮ್ಮಿ. ನಾವು ಬಂದು ಸಲೀಸಾಗಿ ಗೇರ್ ಹಾಕಿದರೆ ಪಕ್ಕದ ಮನೆಯವರು ಮೆಚ್ಚುತ್ತಾರೆ. ನಮಗೂ ಒಳಗೊಳಗೇ ಹೆಮ್ಮೆ. ಆದರೆ ನಾವು ಕಲಿತದ್ದು ಹೇಗೆ? ಶಿವಮೊಗ್ಗದ ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ, ಪಕ್ಕದಲ್ಲಿ ಕೂತ ಮೇಷ್ಟ್ರು "ಹಾಫ್ ಕ್ಲಚ್! ಹಾಫ್ ಕ್ಲಚ್!" ಅಂತ ಕಿರುಚುವುದನ್ನು ಕೇಳಿಕೊಂಡು. ಆಮೇಲೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇಂಚು ಇಂಚು ಸರಿದು ಆ ವಿದ್ಯೆಯಲ್ಲಿ ಪಾಂಡಿತ್ಯ ಗಳಿಸಿದೆವು. ದಿಬ್ಬದಲ್ಲಿ ಗಾಡಿ ಹಿಂದೆ ಜಾರದ ಹಾಗೆ ಹ್ಯಾಂಡ್‌ಬ್ರೇಕ್ ಇಲ್ಲದೆ ಬರೀ ಕ್ಲಚ್ಚಿನಲ್ಲೇ ನಿಲ್ಲಿಸುವುದು ದೊಡ್ಡ ಕಲೆ ಅಂದುಕೊಂಡೆವು. ಹಾಗೆ ನಿಲ್ಲಿಸಿದಷ್ಟು ಹೊತ್ತೂ ಕ್ಲಚ್ ಪ್ಲೇಟ್ ಉಜ್ಜಿಕೊಂಡು ಸುಡುತ್ತಿರುತ್ತದೆ. ಓಡಿಸುವಾಗ ಕಾಲು ಸುಮ್ನೆ ಪೆಡಲ್ ಮೇಲೆ ಇಟ್ಟುಕೊಂಡರೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ತಿರುಗಿ ಸವೆಯುತ್ತಲೇ ಇರುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ, ದಿಬ್ಬದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಿರಿ ಅಂದರೆ ನಮ್ಮವರಿಗೆ ಅವಮಾನ ಆಗುತ್ತದೆ.

ಮಿಯಾಟಾದಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು. ಅದಕ್ಕೂ ಮುಂಚೆ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್ ತನಕ ಹೋಗುವ ಉದ್ದದ ಅಲ್ಯೂಮಿನಿಯಂ ಚೌಕಟ್ಟನ್ನು ಬಿಚ್ಚಬೇಕು. ನಾನು ಎರಡು ವಾರಾಂತ್ಯ ಗಾಡಿ ಕೆಳಗೆ ಮಲಗಿ ಆ ಕೆಲಸ ಮಾಡಿದೆ. ಕೊಂಡ ಎರಡೇ ವರ್ಷಕ್ಕೆ. ಟೈರ್ ತಪ್ಪನ್ನು ಹಳೇ ಯಜಮಾನನ ತಲೆಗೆ ಕಟ್ಟಬಹುದಿತ್ತು, ಇದನ್ನು ಆಗಲಿಲ್ಲ. ಹಾಫ್ ಕ್ಲಚ್ ಹಾಕಿದ್ದು ನಾನೇ, ಸುಟ್ಟಿದ್ದು ನಾನೇ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುತ್ತಿದ್ದ, ಸುಟ್ಟು ನೀಲಿ ಕಲೆ ಬಿದ್ದ ಆ ಪ್ರೆಷರ್ ಪ್ಲೇಟನ್ನು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಪಕ್ಕದ ಮೊಳೆಯಲ್ಲಿ ಕೋನ್ ಫಿಲ್ಟರ್ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಫ್ರೀಯಾಗಿ ಕೊಡುತ್ತೇನೆ.